ಶೇಂಗಾ ಸಿಪ್ಪೆ ಬೆರೆಸಿದ ಪ್ಲಾಸ್ಟಿಕ್ ಗೊಬ್ಬರವಾಗುವುದಿಲ್ಲ

ಶೇಂಗಾ ಸಿಪ್ಪೆಯ ಪುಡಿ ಬೆರೆಸಿದ ಪ್ಲಾಸ್ಟಿಕ್ ಕುರ್ಚಿಯನ್ನು ಹೊಲದಲ್ಲಿ ಹೂತರೆ ಗೊಬ್ಬರವಾಗುತ್ತದೆ ಎಂಬ ಸಂದೇಶ ಗದಗ, ಹಾವೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಿ ಹೂಳಬೇಡಿ.

ಸಿಪ್ಪೆ ಬೆರೆಸುವುದು ನಿಜ. ಹತ್ತಿ ಕಟ್ಟಿಗೆಯ ಪುಡಿಯನ್ನೂ ಬೆರೆಸಬಹುದು. ಪ್ಲಾಸ್ಟಿಕ್ ಕಡಿಮೆ ಸಾಕು, ವಸ್ತು ಗಡುಸಾಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಕುರ್ಚಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಪ್ರೊಪಿಲೀನ್ ಎಂಬ, ಮಣ್ಣಲ್ಲಿ ಕೊಳೆಯದ ಪ್ಲಾಸ್ಟಿಕ್. ಸಿಪ್ಪೆ ಸೇರಿತೆಂದು ಅದರ ಈ ಗುಣ ಬದಲಾಗುವುದಿಲ್ಲ, ಅಲ್ವಾ? ಕೊಳೆತರೆ ಸಿಪ್ಪೆ ಮಾತ್ರ ಕೊಳೆಯುತ್ತದೆ. ಪ್ಲಾಸ್ಟಿಕ್ ಚೂರುಚೂರಾಗಿ ನಮ್ಮ ಎರೆ ಮಣ್ಣಲ್ಲೇ ಉಳಿಯುತ್ತದೆ. ನನಗೆ ಭಯ ಅದೇ.

ಸಿಪ್ಪೆಯನ್ನು ಎಷ್ಟು ಬೇಕಾದರೂ ಬೆರೆಸಬಹುದು ಎಂದುಕೊಂಡರೆ ಅದೂ ತಪ್ಪು. ಸಿಪ್ಪೆ ನೀರು ಹೀರುತ್ತದೆ, ಪಾಲಿಪ್ರೊಪಿಲೀನ್ ಹೀರುವುದಿಲ್ಲ. ಎರಡನ್ನೂ ಬೆಸೆಯುವ ರಾಸಾಯನಿಕ ಹಾಕದೆ ಸುಮ್ನೆ ಜಾಸ್ತಿ ತುಂಬಿದರೆ ಕುರ್ಚಿ ಬೇಗ ಮುರಿಯುತ್ತದೆ. ಕರಗಿಸುವಾಗ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಿಪ್ಪೆ ಸೀಯತೊಡಗುತ್ತದೆ.

ಹಳೆಯ ಕುರ್ಚಿಯನ್ನು ಗುಜರಿಗೆ ಕೊಡಿ.