ಯಾವೂರಪ್ಪ ನಿಂದು?

ಎಂ.ಎ. ಮುಗಿಸಿದ ಹೊಸದರಲ್ಲಿ ಒಂದು ಸರ್ವೆಗೆಂದು ಮಂಡ್ಯ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಕೈಯಲ್ಲಿ ಹನ್ನೆರಡು ಪುಟದ ಪ್ರಶ್ನಾವಳಿ, ಕ್ಲಿಪ್ ಇರುವ ರಟ್ಟು, ಜೇಬಿನಲ್ಲಿ ಎರಡು ಪೆನ್ನು. ಸಂದರ್ಶನ ಮಾಡೋಕೆ ಬಂದವನು ನಾನೇ ಅಂತ ಗಟ್ಟಿಯಾಗಿ ನಂಬಿದ್ದೆ. ಹಳ್ಳಿಯವರು ಹಾಗೆ ತಿಳಿದಿರಲಿಲ್ಲ.

"ಯಾವೂರಪ್ಪ ನಿಂದು?"

"ಮೈಸೂರು."

"ಅದ್ಸರಿ, ಸ್ವಂತ ಊರು?"

"ಮಳವಳ್ಳಿ ಹತ್ರ."

ಯಾರ ಮಗ, ಮದ್ವೆ ಆಗೈತಾ, ಸಂಬಳ ಎಷ್ಟು, ಗದ್ದೆ ಉಳಿಸ್ಕಂಡಿದ್ದೀರಾ ಇಲ್ಲ ಮಾರ್ಕಂಡ್ರಾ. ಎಲ್ಲ ಮುಗಿದ ಮೇಲೆ, "ಹೂಂ, ಈಗ ನೀ ಕೇಳು." ನನ್ನ ಪ್ರಶ್ನಾವಳಿಯಲ್ಲೂ ಇದ್ದದ್ದು ಹೆಚ್ಚುಕಮ್ಮಿ ಇವೇ. ವ್ಯತ್ಯಾಸ ಇಷ್ಟೇ, ನಾನು ನಿಜ ಹೇಳಿರುತ್ತಿದ್ದೆ.

ಅವರದ್ದು ತಪ್ಪಲ್ಲ ಬಿಡಿ. ರಟ್ಟು ಹಿಡಿದು ಬಂದವನು ಅಂದರೆ ಸರ್ಕಾರದವನು. ಆದಾಯ ಕೇಳಿದರೆ ರೇಷನ್ ಕಾರ್ಡ್ ಕಿತ್ತುಕೊಳ್ಳೋಕೆ ಬಂದಿರಬೇಕು. ಒಂದು ಮನೆಯಲ್ಲಿ ಅಜ್ಜಿ ಹಸುವೇ ಇಲ್ಲ ಅಂತ ಬರೆಸಿದರು. ಅದೇ ಮನೆಯಲ್ಲಿ ನನಗೆ ಕೊಟ್ಟ ಕಾಫಿ ಗಟ್ಟಿ ಹಾಲಿನದ್ದು. ಹಿತ್ತಲಲ್ಲಿ ಏನೋ ಒಂದು "ಅಂಬಾ" ಅಂತಲೂ ಅಂತು. ಇಬ್ಬರೂ ಕೇಳಿಸದವರಂತೆ ಕೂತೆವು.

ಆಗ ಅಜ್ಜಿ ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದರು. "ಸುಮ್ನೆ ಯಾಕ್ ಕುಂತಿದ್ದೀಯ ಮಗಾ, ಸುಲಿ."

ಡಿಸೆಂಬರ್ ತಿಂಗಳು, ಒಳ್ಳೆ ಸೊಗಡಿನ ಕಾಯಿ. ಬೆರಳೆಲ್ಲ ಅಂಟು. ಇನ್ನು ಕಾಗದ ಮುಟ್ಟೋ ಹಾಗಿಲ್ಲ. ಇಬ್ಬರ ಕಣ್ಣೂ ಮೊರದ ಮೇಲೆ. ಅಷ್ಟಾದದ್ದೇ ಮಾತು ತಾನಾಗಿ ಬಂತು: ಮಗಳ ಮದುವೆಯ ಸಾಲ, ಬರಬೇಕಾದ ಕಬ್ಬಿನ ದುಡ್ಡು, ಸೊಸೆ ಹೆಸರಲ್ಲಿ ಸಂಘದಿಂದ ಎತ್ತಿದ್ದು, ಕೊನೆಗೆ ಆ ಎರಡು ಹಸು. ಮೊರ ತುಂಬುವ ಹೊತ್ತಿಗೆ ನನ್ನ ಹನ್ನೆರಡು ಪುಟಕ್ಕೂ ಉತ್ತರ ಸಿಕ್ಕಿತ್ತು.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಗಿರಾಕಿಯ ಹಾಗೆ ನಿಂತು, ನಾಲ್ಕನೇ ಮಹಡಿಯಲ್ಲಿದೆ ಅಂತ ಗೊತ್ತಿದ್ದ ಸಾಮಾನು ಎಲ್ಲಿದೆ ಅಂತ ಕೇಳುತ್ತಿದ್ದರಂತೆ. ಅಂಗಡಿಯವರು "ಫೋರ್ತ್ ಫ್ಲೋರ್" ಅಂದಾಗ ರಕಾರ ಕೇಳಿಸುತ್ತದಾ ಅನ್ನೋದಷ್ಟೇ ಬೇಕಿತ್ತು. ಕಿವುಡನ ಹಾಗೆ ಇನ್ನೊಂದು ಸಲ ಹೇಳಿಸಿ, ಮರೆಗೆ ಹೋಗಿ ಬರೆದುಕೊಳ್ಳುತ್ತಿದ್ದರು. ಪುಸ್ತಕ ಕಂಡರೆ ಜನ ಹದ್ದುಬಸ್ತಿನಲ್ಲಿ ಮಾತಾಡುತ್ತಾರೆ, ಅಲ್ವಾ? ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲೇ ಹತ್ತಿರದ ಹಳ್ಳಿಯಲ್ಲಿ ಇದ್ದು ಮಾಡಿದ ಅಧ್ಯಯನದ ಟಿಪ್ಪಣಿಗಳನ್ನು ತಿದ್ದಿ ಜೋಡಿಸಿ ಇಟ್ಟಿದ್ದರು. ಅವುಗಳ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಊರಿನ ಬಗ್ಗೆ ಬರೆದರು.

ನಾನೂ ಬಸ್ ಸ್ಟಾಪಿನಲ್ಲಿ ಕೂತು ನೆನಪಿನಿಂದಲೇ ಬರೆದೆ. ಹಸುವಿನ ಕಾಲಂ ಬಂದಾಗ ಮಾತ್ರ ಪೆನ್ನು ಓಡಲಿಲ್ಲ. ಅವರೆಕಾಯಿ ಸುಲಿದವನಿಗೆ ಹೇಳಿದ್ದನ್ನು ರಟ್ಟು ಹಿಡಿದವನಿಗೆ ಕೊಡೋದು ಹೇಗೆ? ಸೊನ್ನೆ ಹಾಗೇ ಉಳಿಯಿತು. ಆ ಸರ್ವೆಯ ವರದಿಯಲ್ಲಿ ಎರಡು ಹಸು ಕಡಿಮೆ ಇವೆ.

ಮುಂದೆ ಮೈಸೂರಿನಲ್ಲೇ ಒಂದು ಕೆಲಸದ ಇಂಟರ್‌ವ್ಯೂಗೆ ಹೋದೆ. ಮೇಜಿನ ಆಚೆ ನಾಲ್ಕು ಜನ. ಈಚೆ ನಾನು, ಅವರದ್ದಕ್ಕಿಂತ ತುಸು ತಗ್ಗಿನ ಕುರ್ಚಿಯಲ್ಲಿ.

"ನಿಮ್ಮ ದೌರ್ಬಲ್ಯ ಏನು?"

"ಕೆಲಸಕ್ಕೆ ಕೂತರೆ ಊಟದ ನೆನಪೂ ಇರಲ್ಲ ಸಾರ್."

ನಾನೂ ಹಸು ಇಲ್ಲ ಅಂತ ಬರೆಸಿದ್ದೆ. ಅವರಿಗೂ ಅಂಬಾ ಕೇಳಿಸಿರಬೇಕು, ಒಬ್ಬರು ಸಣ್ಣಗೆ ನಕ್ಕರು.

"ನೀವೇನಾದರೂ ಕೇಳೋದಿದೆಯಾ?"

ಅಜ್ಜಿ ಆಗಿದ್ದರೆ ನಾಲ್ವರ ಸಂಬಳವನ್ನೂ ವಿಚಾರಿಸಿಕೊಂಡೇ ಏಳುತ್ತಿದ್ದರು. ನಾನು "ಇಲ್ಲ ಸಾರ್" ಅಂದು ಎದ್ದೆ.

ಹೊರಗೆ ಕಾರಿಡಾರಿನಲ್ಲಿ ಟೀ ಹಂಚುತ್ತಿದ್ದವನು ನನಗೂ ಒಂದು ಲೋಟ ಕೊಟ್ಟ.

"ಯಾವೂರು ಸಾ ನಿಮ್ದು?"

"ಮೈಸೂರು."

"ಅದ್ಸರಿ ಸಾ, ಸ್ವಂತ ಊರು?"