ಯುದ್ಧಕೈದಿಯನ್ನು ಬಿಡಲು ಒಂದು ಗಡುವು ಬೇಕು

ಜಿನೀವಾ ಒಪ್ಪಂದ ಹಳೇದಾಯ್ತು, ಪೂರ್ತಿ ಹೊಸದಾಗಿ ಬರೀಬೇಕು ಅನ್ನೋ ಮಾತು ಎಲ್ಲಿ ಯುದ್ಧ ನಡೆದರೂ ಏಳುತ್ತದೆ. ಡ್ರೋನ್ ಬಂತು, ಮೊಬೈಲ್ ಬಂತು, 1949ರ ಕಾಗದ ಇಟ್ಟುಕೊಂಡು ಏನು ಮಾಡೋದು ಅಂತ. ನಾನಂತೂ ಈ ಮಾತು ಒಪ್ಪುವುದಿಲ್ಲ. ಯುದ್ಧಕೈದಿಗಳ ಕುರಿತ ಮೂರನೇ ಜಿನೀವಾ ಒಪ್ಪಂದದಲ್ಲಿ 143 ವಿಧಿಗಳಿವೆ. ಬಹುಪಾಲು ಇವತ್ತಿಗೂ ಗಟ್ಟಿಯಾಗಿವೆ. ನನ್ನ ತಕರಾರು ಇರುವುದು ಕೈದಿಗಳನ್ನು ಊರಿಗೆ ಕಳಿಸುವ 118ನೇ ವಿಧಿಯ ಮೇಲೆ ಮಾತ್ರ.

ಒಪ್ಪಂದವನ್ನು ಒಮ್ಮೆ ಓದಿ ನೋಡಿ, ಬರೆದವರು ಎಷ್ಟು ಲೆಕ್ಕಾಚಾರದ ಜನ ಅಂತ ಗೊತ್ತಾಗುತ್ತದೆ. ಕೈದಿ ತಿಂಗಳಿಗೆ ಕಡಿಮೆ ಅಂದರೂ 2 ಪತ್ರ, 4 ಕಾರ್ಡ್ ಬರೆಯಬಹುದು. ಶಿಬಿರಕ್ಕೆ ಬಂದ 1 ವಾರದೊಳಗೆ ತಾನು ಸೆರೆಯಲ್ಲಿದ್ದೇನೆ ಎಂದು ಮನೆಗೆ ಕಾರ್ಡ್ ಹಾಕುವ ಅವಕಾಶ ಕೊಡಬೇಕು. ಸಾರ್ಜೆಂಟ್‌ಗಿಂತ ಕೆಳಗಿನವರಿಗೆ ತಿಂಗಳಿಗೆ 8 ಸ್ವಿಸ್ ಫ್ರಾಂಕ್ ಮುಂಗಡ. ಶಿಬಿರದಲ್ಲಿ ಕ್ಯಾಂಟೀನ್ ಇರಬೇಕು, ಅಲ್ಲಿ ಸಾಬೂನು, ತಂಬಾಕು ಸಿಗಬೇಕು, ಅದೂ ಊರಿನ ಪೇಟೆ ದರಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ! ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರೆ ಬರೀ ಶಿಸ್ತುಕ್ರಮ, ಅದೂ 30 ದಿನಕ್ಕೆ ಮೀರಬಾರದು.

ಇಷ್ಟೆಲ್ಲ ಲೆಕ್ಕ ಹಾಕಿದವರು, ಕೈದಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬಂದಾಗ ಅಂಕಿಯನ್ನೇ ಬಿಟ್ಟುಬಿಟ್ಟರು. ನನ್ನನ್ನು ಯಾವಾಗ ಮನೆಗೆ ಕಳಿಸ್ತೀರಿ? ಹೋರಾಟ ನಿಂತ ಮೇಲೆ ತಡಮಾಡದೆ ಕಳಿಸಬೇಕು, ಅಷ್ಟೇ ಉತ್ತರ. 1 ತಿಂಗಳೋ, 1 ವರ್ಷವೋ, ಹಿಡಿದಿಟ್ಟವರ ಮರ್ಜಿ.

ಹಾಗೆ ನೋಡಿದರೆ ಅದೂ ಒಂದು ಸುಧಾರಣೆಯೇ. ಹಿಂದಿನ 1929ರ ಒಪ್ಪಂದ ಬಿಡುಗಡೆಯನ್ನು ಕದನವಿರಾಮದ ಷರತ್ತಿಗೋ ಶಾಂತಿ ಒಪ್ಪಂದಕ್ಕೋ ಜೋಡಿಸಿತ್ತು. ಎರಡನೇ ಮಹಾಯುದ್ಧ ನಿಂತಿತು, ಜರ್ಮನಿಯ ಜೊತೆ ಶಾಂತಿ ಒಪ್ಪಂದವೇ ಆಗಲಿಲ್ಲ. ಜರ್ಮನ್ ಕೈದಿಗಳನ್ನು ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ವರ್ಷಗಟ್ಟಲೆ ಹೊಲ, ಗಣಿಗಳಲ್ಲಿ ದುಡಿಸಿಕೊಂಡವು. ಅದನ್ನು ನೋಡಿಯೇ 1949ರಲ್ಲಿ ಶಾಂತಿ ಒಪ್ಪಂದದ ತನಕ ಕಾಯಬೇಕಿಲ್ಲ, ಗುಂಡು ನಿಂತರೆ ಸಾಕು ಎಂದು ತಿದ್ದಿದರು. ಅರ್ಧ ಕೆಲಸ ಆಯಿತು. ಉಳಿದರ್ಧ ಇನ್ನೂ ಹಾಗೇ ಬಿದ್ದಿದೆ.

ನಾನಿರುವುದು ಗೋವಾದ ಫೋಂಡಾದಲ್ಲಿ. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಇದೇ ಊರಲ್ಲಿ ಯುದ್ಧಕೈದಿಗಳ ದೊಡ್ಡ ಶಿಬಿರವಿತ್ತು. ಗೋವಾ ವಿಮೋಚನೆಯ ದಿನ ಡಿಸೆಂಬರ್ 19 ಬಂತೆಂದರೆ ನಮಗೆ ರಜೆ, ಧ್ವಜ, ಭಾಷಣ. 1961ರ ಆ ದಿನ ಪೋರ್ಚುಗೀಸರು ಶರಣಾದ ಮೇಲೆ ಸುಮಾರು 3,300 ಸೈನಿಕರು ನಮ್ಮ ಸೇನೆಯ ಕೈಗೆ ಸಿಕ್ಕಿದರು. ಮೊದಲು ಆಗ್ವಾದ, ವಾಸ್ಕೊ ಹತ್ತಿರದ ಆಲ್ಪರ್ಕೇರೋಸ್ ಮುಂತಾದ ಕಡೆ ಇಟ್ಟಿದ್ದರು. ಆಮೇಲೆ ಹೆಚ್ಚಿನವರನ್ನು ಫೋಂಡಾಕ್ಕೆ ತಂದರು.

1962ರ ಮಾರ್ಚ್‌ನಲ್ಲಿ ಇಲ್ಲಿ ನಡೆದ ಘಟನೆಯೊಂದನ್ನು ಆಗ ಸೆರೆಯಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಮುಂದೆ ಹೇಳಿಕೊಂಡಿದ್ದಾರೆ. ಕೆಲವರು ಕಸದ ಲಾರಿಯಲ್ಲಿ ಅಡಗಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರು. ಶಿಬಿರದವರ ಸಿಟ್ಟು ನೆತ್ತಿಗೇರಿತು. ಓಡಿಹೋಗಲು ನೋಡಿದವರ ಮೇಲಧಿಕಾರಿಗಳಿಗೆ ಗುಂಡಿಕ್ಕುವ ಬೆದರಿಕೆ ಬಂತು. ಕೈದಿಗಳ ಜೊತೆಗಿದ್ದ ಜೆಸ್ವಿಟ್ ಪಾದ್ರಿಯೊಬ್ಬರು ನಡುವೆ ಹೋಗಿ ಮಾತಾಡಿದ್ದರಿಂದ ಪರಿಸ್ಥಿತಿ ತಣ್ಣಗಾಯಿತು. ಒಬ್ಬ ಕ್ಯಾಪ್ಟನ್‌ಗೆ ಬಂದೂಕಿನ ಹಿಡಿಯಿಂದ ಹೊಡೆತ ಬಿತ್ತು. ಹೊಡೆಸಿದ ನಮ್ಮ ಅಧಿಕಾರಿಗೆ ಆಮೇಲೆ ಶಿಕ್ಷೆಯೂ ಆಯಿತಂತೆ, ಜಿನೀವಾ ಒಪ್ಪಂದ ಮುರಿದದ್ದಕ್ಕೆ. ನೋಡಿ, ಎಲ್ಲಿ ನಿಯಮ ಸ್ಪಷ್ಟವಾಗಿತ್ತೋ ಅಲ್ಲಿ ತಪ್ಪು ಮಾಡಿದವನನ್ನು ಹಿಡಿದು ಕೇಳಲು ಆಯಿತು.

ಊರಿಗೆ ಕಳಿಸುವ ವಿಷಯದಲ್ಲಿ ಹಾಗೆ ಹಿಡಿದು ಕೇಳಲು ಯಾರಿಗೂ ಆಗಲಿಲ್ಲ. ಗುಂಡು ನಿಂತದ್ದು ಡಿಸೆಂಬರ್‌ನಲ್ಲಿ, ಇವರು ಹೊರಟದ್ದು ಮೇ ತಿಂಗಳಲ್ಲಿ. ತಡ ಮಾಡಿದ್ದು ನಾವೊಬ್ಬರೇ ಅಲ್ಲ. ಯಾವ ವಿಮಾನದಲ್ಲಿ ಕರೆದೊಯ್ಯಬೇಕು ಎಂದು ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ಹಟ ಹಿಡಿಯಿತು. ತನ್ನ ವಸಾಹತು ಮೊಜಾಂಬಿಕ್‌ನಲ್ಲಿದ್ದ ಭಾರತೀಯರನ್ನು ಹಿಡಿದಿಟ್ಟು ಚೌಕಾಸಿಗೂ ಇಳಿಯಿತು. ಕೊನೆಗೆ ಕರಾಚಿ ತನಕ ವಿಮಾನ, ಅಲ್ಲಿಂದ ಹಡಗು. ಲಿಸ್ಬನ್‌ನಲ್ಲಿ ಇಳಿದವರನ್ನು ಹಾರ ಹಾಕಿ ಕರಕೊಳ್ಳಲಿಲ್ಲ, ಮಿಲಿಟರಿ ಪೊಲೀಸರು ಬಂದೂಕು ಹಿಡಿದು ನಿಂತಿದ್ದರು. ಶರಣಾಗಬೇಡ ಎಂದು ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಹೇಳಿದ್ದರೂ ಶರಣಾದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅವರನ್ನು ಮುಂದೆ ಸೇನೆಯಿಂದಲೇ ಹೊರಹಾಕಿದರು. ಗಡುವು ಬೇಕಿರುವುದು ಹಿಡಿದ ದೇಶಕ್ಕೆ ಮಾತ್ರ ಅಲ್ಲ, ಕಳಕೊಂಡ ದೇಶಕ್ಕೂ ಬೇಕು.

1971ರ ಬಾಂಗ್ಲಾ ಯುದ್ಧದ ವಿಷಯ ಎತ್ತಿದರೆ ನಮ್ಮವರಿಗೆ ಇರುಸುಮುರುಸು. ನಾಗರಿಕರೂ ಸೇರಿ ಪಾಕಿಸ್ತಾನದ ಸುಮಾರು 93,000 ಮಂದಿ ನಮ್ಮ ವಶದಲ್ಲಿದ್ದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಕಳಿಸಲು ತೀರ್ಮಾನವಾದದ್ದು 1973ರ ಆಗಸ್ಟ್‌ನ ದೆಹಲಿ ಒಪ್ಪಂದದಲ್ಲಿ, ಪೂರ್ತಿ ಮುಗಿದದ್ದು 1974ರ ಏಪ್ರಿಲ್‌ನಲ್ಲಿ. ಅವರು ಶರಣಾದದ್ದು ಭಾರತ ಮತ್ತು ಬಾಂಗ್ಲಾದ ಜಂಟಿ ಕಮಾಂಡಿಗೆ, ಬಾಂಗ್ಲಾ ಒಪ್ಪದೆ ಕಳಿಸೋದು ಹೇಗೆ ಎಂಬುದು ನಮ್ಮ ವಾದ. ವಾದದಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಆದರೆ ಯುದ್ಧಾಪರಾಧಕ್ಕೆ ವಿಚಾರಣೆ ನಡೆಸಬೇಕೆಂದು ಬಾಂಗ್ಲಾ ಕೊನೆಗೆ ಹೆಸರಿಸಿದ್ದು 195 ಮಂದಿಯನ್ನು. ಆರೋಪ ಹೊತ್ತವರನ್ನು ಉಳಿಸಿಕೊಳ್ಳಲು 119ನೇ ವಿಧಿಯಲ್ಲೇ ದಾರಿಯಿದೆ. ಆ 195 ಮಂದಿಯನ್ನು ಉಳಿಸಿಕೊಂಡು ಬಾಕಿ ಸಿಪಾಯಿಗಳನ್ನು ಮೊದಲೇ ಕಳಿಸಬಹುದಿತ್ತಲ್ವಾ? ನಾವು ಅವರನ್ನು ಚೆನ್ನಾಗಿ ನೋಡಿಕೊಂಡೆವು ಎಂದು ಎದೆ ತಟ್ಟಿಕೊಳ್ಳುತ್ತೇವೆ, ಸರಿ. ಚೆನ್ನಾಗಿ ನೋಡಿಕೊಂಡರೂ 2 ವರ್ಷ 2 ವರ್ಷವೇ.

ಬೇರೆಯವರ ಕಥೆ ಇದಕ್ಕಿಂತ ಕೆಟ್ಟದು. ಇರಾನ್ ಇರಾಕ್ ಯುದ್ಧ ನಿಂತದ್ದು 1988ರಲ್ಲಿ, ಕೊನೆಯ ಕೈದಿಗಳು ಹೊರಬಂದದ್ದು 2003ರಲ್ಲಿ. ಪಶ್ಚಿಮ ಸಹಾರಾದಲ್ಲಿ 1991ಕ್ಕೇ ಕದನವಿರಾಮ ಆಗಿತ್ತು. ಅಲ್ಲಿನ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಸಂಘಟನೆ ಪೊಲಿಸಾರಿಯೊ ವಶದಲ್ಲಿದ್ದ ಮೊರೊಕ್ಕೊದ ಕೊನೆಯ 404 ಸೈನಿಕರು ಬಿಡುಗಡೆಯಾದದ್ದು 2005ರಲ್ಲಿ. ಸೆರೆಗೆ ಬಂದಾಗ ಮೀಸೆ ಚಿಗುರುತ್ತಿದ್ದವನು ತಲೆ ನರೆತು ಹೋದ.

ಮೊನ್ನೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದನ್ನೇ ಬರೆದೆ. ಗದಗ ಕಡೆಯ ಗೆಳೆಯರೊಬ್ಬರು ತಕ್ಷಣ ಹಾಕಿದರು: "ಅವ್ರು ಸೌರಭ್ ಕಾಲಿಯಾಗ ಏನ್ ಮಾಡಿದ್ರು ಮರತ್ರೇನ್ರಿ ಸರ್ರ? ನಮಗಷ್ಟ ಯಾಕ್ರಿ ಈ ಕಾಯ್ದೆ?" ಕಾರ್ಗಿಲ್‌ನಲ್ಲಿ ಸೆರೆಸಿಕ್ಕು ಹಿಂಸೆಗೆ ಬಲಿಯಾದ ನಮ್ಮ ಸೇನಾಧಿಕಾರಿ ಸೌರಭ್ ಕಾಲಿಯಾರನ್ನು ಮರೆತಿಲ್ಲ. ಆದರೆ ಕೈದಿಗೆ ಹಿಂಸೆ ಕೊಡಬಾರದು ಅನ್ನುವುದು 1949ರಲ್ಲೇ ಇದೆ. ಅಲ್ಲಿ ಕೊರತೆ ಇದ್ದದ್ದು ನಿಯಮದ್ದಲ್ಲ, ಶಿಕ್ಷೆಯದ್ದು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬ ಕೈದಿಯ ಮೇಲೆ ಸೇಡು ತೀರಿಸುವುದನ್ನೂ 13ನೇ ವಿಧಿ ನಿಷೇಧಿಸುತ್ತದೆ. ಅದೇ ವಿಧಿ ಕೈದಿಯನ್ನು ಜನರ ಕುತೂಹಲಕ್ಕೆ ಒಡ್ಡಬಾರದು ಅಂತಲೂ ಹೇಳುತ್ತದೆ. 2019ರಲ್ಲಿ ಪಾಕಿಸ್ತಾನದಲ್ಲಿ ಸೆರೆಸಿಕ್ಕ ನಮ್ಮ ಪೈಲಟ್ ಅಭಿನಂದನ್ ವಿಡಿಯೋ ಹರಿಬಿಟ್ಟಾಗ ನಾವು ಆಕ್ಷೇಪಿಸಿದ್ದು ಅದಕ್ಕೇ. (ಬೇರೆ ದೇಶದ ಕೈದಿಯ ವಿಡಿಯೋ ಬಂದರೆ ಇದೇ ಗುಂಪಿನಲ್ಲಿ ನಗುವ ಎಮೋಜಿ ಬೀಳುತ್ತದೆ, ಅದು ಬೇರೆ ಮಾತು.)

ಗಡುವಿಗೆ ನಿಜವಾದ ಆಕ್ಷೇಪ ಬೇರೆಯೇ ಇದೆ. ಕೈದಿಗೇ ವಾಪಸ್ ಹೋಗಲು ಇಷ್ಟವಿಲ್ಲದಿದ್ದರೆ? ಕೊರಿಯಾದಲ್ಲಿ ಆದದ್ದು ಅದೇ. ಊರಿಗೆ ಹೋಗಲ್ಲ ಅಂದ 22,000ಕ್ಕೂ ಹೆಚ್ಚು ಚೀನೀ, ಕೊರಿಯನ್ ಕೈದಿಗಳು 1953ರಲ್ಲಿ ಭಾರತದ ಸೇನೆಯ ಕಾವಲಿಗೆ ಬಂದರು. ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರು ನಮ್ಮ ಕೊಡಗಿನ ತಿಮ್ಮಯ್ಯ. ಅವರವರ ದೇಶದವರು ಬಂದು ಮನವೊಲಿಸಲು 90 ದಿನದ ಅವಧಿ ಇಟ್ಟರು. ಶಿಬಿರಗಳಲ್ಲಿ ಗಲಾಟೆ, ಒಳಗೊಳಗೇ ಬೆದರಿಕೆ, ಎರಡೂ ಬಣಗಳಿಂದ ಬೈಗುಳ. ಆದರೂ 1954ರ ಜನವರಿಗೆ ತಿಮ್ಮಯ್ಯ ಕೈದಿಗಳನ್ನು ಮೊದಲು ಹಿಡಿದಿಟ್ಟಿದ್ದ ಕಡೆಯವರಿಗೇ ಹಿಂದಿರುಗಿಸಲು ಶುರು ಮಾಡಿದರು. ಯಾವ ಕಡೆಗೂ ಹೋಗದ 88 ಮಂದಿ ಭಾರತಕ್ಕೆ ಬಂದರು. ಅಷ್ಟು ಸಿಕ್ಕುಸಿಕ್ಕಾದ ಪ್ರಕರಣವೂ ತಿಂಗಳುಗಳಲ್ಲಿ ಒಂದು ದಡ ಮುಟ್ಟಿತು, ಯಾಕೆಂದರೆ ಎದುರಿಗೆ ತಾರೀಕು ಇತ್ತು.

ಹಾಗಾಗಿ ನನ್ನ ಸಲಹೆ ಚಿಕ್ಕದು. ಇಡೀ ಒಪ್ಪಂದ ಬಿಚ್ಚಬೇಡಿ. ಜಗತ್ತಿನ ಎಲ್ಲ ದೇಶಗಳೂ ಒಪ್ಪಿದ ಕಾಗದ ಅದು. ಇವತ್ತಿನ ವಾತಾವರಣದಲ್ಲಿ ಬಿಚ್ಚಿದರೆ ಇದ್ದದ್ದೂ ಹೋಗುತ್ತದೆ. ಒಂದು ಪುಟದ ಪೂರಕ ಪ್ರೋಟೋಕಾಲ್, ಅಂದರೆ ಮೂಲಕ್ಕೆ ಸೇರಿಸುವ ಚಿಕ್ಕ ಒಪ್ಪಂದ, ಸಾಕು. ಗುಂಡು ನಿಂತ 30 ದಿನದೊಳಗೆ ಹೆಸರುಗಳ ಪೂರ್ತಿ ಪಟ್ಟಿ. ಪ್ರತಿ ಕೈದಿಯನ್ನೂ ರೆಡ್‌ಕ್ರಾಸ್‌ನವರು ಒಬ್ಬೊಬ್ಬರಾಗಿ ಮಾತಾಡಿಸಬೇಕು. 90 ದಿನದೊಳಗೆ ಕಳಿಸಬೇಕು. ಕಳಿಸದಿದ್ದರೆ ಒಬ್ಬೊಬ್ಬ ಕೈದಿಗೂ ಬೇರೆಬೇರೆಯಾಗಿ ಲಿಖಿತ ಕಾರಣ ಕೊಡಬೇಕು. 1977ರ ಮೊದಲ ಪ್ರೋಟೋಕಾಲ್ ಕಾರಣವಿಲ್ಲದ ವಿಳಂಬವನ್ನು ಗಂಭೀರ ಉಲ್ಲಂಘನೆ ಎಂದಿದೆ, ಆದರೆ ಅಲ್ಲೂ ದಿನದ ಲೆಕ್ಕವಿಲ್ಲ. ಭಾರತವಾಗಲಿ ಪಾಕಿಸ್ತಾನವಾಗಲಿ ಅದಕ್ಕೆ ಸೇರಿಯೂ ಇಲ್ಲ.

ಮನಸ್ಸಿದ್ದರೆ ಬೇಗ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ನಡುವೆಯೇ ಇದೆ. ಪಾಕಿಸ್ತಾನದಲ್ಲಿ ಸೆರೆಸಿಕ್ಕ ಪೈಲಟ್ ನಚಿಕೇತ 1999ರಲ್ಲಿ ಸುಮಾರು 1 ವಾರಕ್ಕೆ ಬಂದರು, ಅಭಿನಂದನ್ 3ನೇ ದಿನಕ್ಕೆ. 1965ರಲ್ಲಿ ಜನರಲ್ ಕಾರ್ಯಪ್ಪನವರ ಮಗ ಸೆರೆಸಿಕ್ಕಿದ್ದರು, ಅವರನ್ನು ಮೊದಲೇ ಬಿಡುತ್ತೇನೆಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹೇಳಿಕಳಿಸಿದಾಗ, ಅಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂದರು ಆ ತಂದೆ. ಅಷ್ಟು ಗಟ್ಟಿ ಮನಸ್ಸಿನ ಅಪ್ಪಂದಿರು ಎಲ್ಲ ಕೈದಿಗಳಿಗೂ ಇರುವುದಿಲ್ಲ. ನನ್ನ ಮಗನೇ ಆಗಿದ್ದರೆ ನಾನಂತೂ ಮೊದಲು ಕಳಿಸಿ ಅನ್ನುತ್ತಿದ್ದೆ.

ಜಿನೀವಾದಲ್ಲಿ ಸಮ್ಮೇಳನ ಸೇರಿ, ಕರಡು ಬರೆದು, ಸಹಿ ಬೀಳುವ ತನಕ ನಾವು ಕಾಯಬೇಕಾಗಿಯೂ ಇಲ್ಲ. ನಮ್ಮಲ್ಲೇ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಅದರಲ್ಲಿ ಉಲ್ಲಂಘನೆಗೆ ಶಿಕ್ಷೆ, ರೆಡ್‌ಕ್ರಾಸ್ ಗುರುತಿನ ದುರ್ಬಳಕೆಗೆ ತಡೆ, ಇಂಥವೇ ಹೆಚ್ಚು. ಭಾರತದ ವಶದಲ್ಲಿರುವ ಯುದ್ಧಕೈದಿಗೆ ಇಂತಿಷ್ಟು ದಿನ ಎಂದು ಒಂದು ಸೆಕ್ಷನ್ ಸೇರಿಸಲು ನಮ್ಮ ಸಂಸತ್ತು ಯಾರನ್ನೂ ಕೇಳಬೇಕಿಲ್ಲ. ಗೋವಾದ ಇಬ್ಬರು, ಕರ್ನಾಟಕದ 28 ಮಂದಿ ಲೋಕಸಭೆಯಲ್ಲಿದ್ದಾರೆ. ಯಾರಾದರೊಬ್ಬರು ಖಾಸಗಿ ಮಸೂದೆ ತಂದರೂ ಚರ್ಚೆಯಾದರೂ ಶುರುವಾಗುತ್ತದೆ.