ತಿಂಗಳಿಗೊಂದು ಸಭೆ ನಿಲ್ಲಿಸೋದು ಬೇಡ

ಹೋದ ಭಾನುವಾರ ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಒಬ್ಬರು ಒಂದು ಸಲಹೆ ಕೊಟ್ಟರು. "ಪ್ರತಿ ತಿಂಗಳೂ ಯಾಕ್ ಸಾರ್ ಸೇರೋದು? ಎಲ್ಲಾ ವಾಟ್ಸಾಪ್ ಗ್ರೂಪಲ್ಲೇ ಗೊತ್ತಾಗುತ್ತೆ. ಮೂರು ತಿಂಗಳಿಗೊಂದ್ ಸಲ ಇಟ್ಕೊಂಡ್ರೆ ಸಾಕು."

ಹೇಳಿದವರು ಒಳ್ಳೆಯವರು. ಸಂಘಕ್ಕಾಗಿ ಬಹಳ ಓಡಾಡಿದವರು. ನಾಲ್ಕೈದು ಜನ ಹೌದು ಹೌದು ಅಂದರು. ನಾನು ಬೇಡ ಅಂದೆ. ಯಾಕೆ ಬೇಡ ಅಂತ ಬಿಡಿಸಿ ಹೇಳುವಷ್ಟರಲ್ಲಿ ಆರು ಗಂಟೆ ಆಗಿತ್ತು, ಎಲ್ಲರೂ ಎದ್ದಿದ್ದರು. ಮುಂದಿನ ಸಭೆಯಲ್ಲಿ ತೀರ್ಮಾನ ಅಂತ ಪುಸ್ತಕದಲ್ಲಿ ಬರೆದಿದ್ದೇವೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮವರೂ ಓದಲಿ, ಬೇರೆ ಬಡಾವಣೆಯವರೂ ಓದಲಿ.

ನಮ್ಮದು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಸಾಧಾರಣ ಬಡಾವಣೆ. ಆರು ಕ್ರಾಸು, ಎರಡು ಮೇನ್ ರೋಡು. ಹೆಚ್ಚಿನವು ಮೂವತ್ತು ನಲವತ್ತರ ಸೈಟುಗಳು. ಮೊದಲು ಹೂವಿನ ಗಿಡ, ಒಂದು ತೆಂಗಿನಮರ ಇಟ್ಟುಕೊಂಡು ನೆಲಮಹಡಿಯಲ್ಲೇ ಮುಗಿಯುತ್ತಿದ್ದ ಮನೆಗಳು ಈಗ ಮೂರು ನಾಲ್ಕು ಮಹಡಿ ಎದ್ದಿವೆ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಪ್ರತಿ ತಿಂಗಳ ಎರಡನೇ ಭಾನುವಾರ ಪಾರ್ಕಿನ ಪಕ್ಕದ ಸಂಘದ ಕೋಣೆಯಲ್ಲಿ ಸೇರುತ್ತೇವೆ. ಶೀಟಿನ ಸೂರು, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಒಂದು ಕಬ್ಬಿಣದ ಬೀರು. ಬೀರುವಿನಲ್ಲಿ ನಡಾವಳಿ ಪುಸ್ತಕ.

ಆ ಪುಸ್ತಕದ ಬಗ್ಗೆ ಹೇಳಲೇಬೇಕು. ದಪ್ಪ ರಟ್ಟಿನ ಉದ್ದನೆಯ ಲೆಡ್ಜರ್, ಬೆನ್ನಿಗೆ ಕೆಂಪು ಬಟ್ಟೆ. ಒಂದೊಂದು ಸಭೆಗೆ ಒಂದೂವರೆ ಪುಟ. ಮೇಲೆ ತಾರೀಕು, ಮಧ್ಯೆ ವಿಷಯ ಒಂದು, ವಿಷಯ ಎರಡು, ಕೊನೆಗೆ ಬಂದವರ ಸಹಿ. ಮೊದಲಿನ ಪುಟಗಳೆಲ್ಲ ಒಬ್ಬ ನಿವೃತ್ತ ಮೇಷ್ಟ್ರ ಕೈಬರಹ, ಮುತ್ತು ಪೋಣಿಸಿದ ಹಾಗೆ. ಅವರು ಈಗಿಲ್ಲ. ಆಮೇಲಿನದು ನಾಲ್ಕೈದು ಜನರ ಅಕ್ಷರ. ಕೆಲವು ಪುಟದಲ್ಲಿ ಟೀ ಲೋಟ ಇಟ್ಟ ಗುಂಡನೆಯ ಕಲೆ.

ನಾಲ್ಕನೇ ಕ್ರಾಸಿನ ಕೊನೆಯಲ್ಲಿ ಒಂದು ಮ್ಯಾನ್‌ಹೋಲ್ ಇದೆ. ಜೋರು ಮಳೆ ಬಂದರೆ ಸಾಕು, ಮರುದಿನ ಬೆಳಿಗ್ಗೆ ಮುಚ್ಚಳದ ಸುತ್ತ ಗುಳುಗುಳು ಅಂತ ಕಪ್ಪು ನೀರು. ಶಾಲೆಗೆ ಹೋಗುವ ಮಕ್ಕಳು ಗೋಡೆ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು. ಜಲಮಂಡಳಿಗೆ ಫೋನ್ ಮಾಡಿದರೆ ಜೆಟ್ಟಿಂಗ್ ಗಾಡಿ ಬರುತ್ತಿತ್ತು. ನೀರು ನುಗ್ಗಿಸಿ ಹೋಗುತ್ತಿತ್ತು. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಎರಡು ವರ್ಷ ಹೀಗೇ ಆಯಿತು. ಅಷ್ಟರಲ್ಲಿ ಎಂಜಿನಿಯರ್‌ಗಳು ಬದಲಾದರು. ಕೊನೆಗೆ ಬಂದವರು ಫೈಲ್ ತಿರುವಿ ಹೇಳಿದ್ದು: "ನಿಮ್ಮ ಕಡೆಯಿಂದ ಕಂಪ್ಲೇಂಟೇ ಇಲ್ವಲ್ಲ?"

ನಮಗೆ ಕೈಕಾಲೇ ಆಡಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಆ ಮ್ಯಾನ್‌ಹೋಲಿನ ಫೋಟೋ ಅದೆಷ್ಟೋ ಇದ್ದವು. ಹುಡುಕಿದರೆ ಒಂದೂ ಸಿಗದು. ಒಬ್ಬರು ಫೋನ್ ಬದಲಾಯಿಸಿದ್ದರು, ಇನ್ನೊಬ್ಬರು ಗ್ರೂಪ್ ಬಿಟ್ಟಿದ್ದರು, ಉಳಿದದ್ದು ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿತ್ತು. ಆಗ ಪುಸ್ತಕ ತೆಗೆದೆವು. ಹನ್ನೊಂದು ಸಭೆಯಲ್ಲಿ ಆ ವಿಷಯ ಬಂದಿತ್ತು. ಯಾವ ದಿನ ಯಾರು ಫೋನ್ ಮಾಡಿದರು, ದೂರಿನ ನಂಬರ್ ಏನು, ಆ ಕಡೆಯಿಂದ ಏನು ಉತ್ತರ ಬಂತು, ಎಲ್ಲಾ ಇತ್ತು. ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಒಂದು ಪತ್ರ ಬರೆದು, ಜೊತೆಗಿಟ್ಟು ಕೊಟ್ಟೆವು. ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಎರಡು ತಿಂಗಳೊಳಗೆ ರಸ್ತೆ ಅಗೆದರು. ಕೆಳಗಿದ್ದದ್ದು ಹಳೇ ಕಾಲದ ಆರಿಂಚಿನ ಪೈಪು. ಒಂದೊಂದು ಸಂಸಾರದ ಲೆಕ್ಕದಲ್ಲಿ ಹಾಕಿದ್ದ ಪೈಪಿಗೆ ಈಗ ನಾಲ್ಕು ನಾಲ್ಕು ಸಂಸಾರದ ನೀರು ಬೀಳುತ್ತಿತ್ತು. ಪೈಪು ಬದಲಾಯಿತು. ಆಮೇಲೆ ಎರಡು ಮಳೆಗಾಲ ಕಳೆದವು, ಆ ಮೂಲೆ ಒಣಗಿಯೇ ಇದೆ.

ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದರೆ ಆ ಹನ್ನೊಂದು ಪುಟ ನಾಲ್ಕಾಗುತ್ತಿತ್ತು. ನಾಲ್ಕು ಪುಟಕ್ಕೆ ಅವರು ರಸ್ತೆ ಅಗೆಯುತ್ತಿದ್ದರೋ ಇಲ್ಲವೋ, ನನಗಂತೂ ಹೇಳುವ ಧೈರ್ಯ ಇಲ್ಲ.

ನೋಡಿ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ವರ್ಷಕ್ಕೊಂದು ಸರ್ವಸದಸ್ಯರ ಸಭೆ ಮಾಡಬೇಕು, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್‌ಗೆ ಕೊಡಬೇಕು. ತಿಂಗಳ ಸಭೆ ಮಾಡಿ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಬಡಾವಣೆಗಳಲ್ಲಿ ಮೊದಲು ನಿಲ್ಲುವುದೇ ತಿಂಗಳ ಸಭೆ. ಅದು ನಿಂತ ಮೇಲೆ ಸಂಘ ಅಂದರೆ ರಾಜ್ಯೋತ್ಸವದ ಬಾವುಟ ಮತ್ತು ಗಣೇಶನ ಚಂದಾ ಅಷ್ಟೇ ಆಗಿಬಿಡುತ್ತದೆ. ರಾಜ್ಯೋತ್ಸವ, ಗಣೇಶ ಎರಡೂ ನನಗೆ ಇಷ್ಟವೇ. ಆದರೆ ನವೆಂಬರ್ 1 ಮುಗಿದ ಮೇಲೂ ಕಸದ ಗಾಡಿ ಬರಬೇಕು, ಬೀದಿ ದೀಪ ಉರಿಯಬೇಕು.

ಇನ್ನೊಂದು ಮಾತು. 1992ರ ಸಂವಿಧಾನ ತಿದ್ದುಪಡಿ ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಹೇಳಿತು. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆಲ್ಲ ಅದು ಅನ್ವಯ. ಬೆಂಗಳೂರಿನಲ್ಲಿ ಅದು ಸರಿಯಾಗಿ ಕಣ್ಣಿಗೆ ಬೀಳೋಕೆ ಎರಡು ದಶಕದ ಮೇಲಾಯಿತು. ತಿಂಗಳಿಗೊಂದು ವಾರ್ಡ್ ಸಭೆ ಶುರುವಾಯಿತು ಅನ್ನುವಷ್ಟರಲ್ಲಿ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬೋರ್ಡು ಬದಲಾಗುತ್ತಲೇ ಇರುತ್ತವೆ. ನಮ್ಮ ಬೀದಿಯ ಕಥೆ ಒಂದೇ ಕಡೆ, ಒಂದೇ ಪುಸ್ತಕದಲ್ಲಿ ಉಳಿಯಬೇಕು ಅಂದರೆ ಅದನ್ನು ನಾವೇ ಬರೆದಿಡಬೇಕು ಅಲ್ವಾ?

ವಾಟ್ಸಾಪ್ ಬೇಡ ಅಂತ ನಾನು ಹೇಳುತ್ತಿಲ್ಲ. ನಾಳೆ ಕಾವೇರಿ ನೀರು ಬರಲ್ಲ ಅಂತ ತಿಳಿಸೋಕೆ ಅದಕ್ಕಿಂತ ಒಳ್ಳೆಯದು ಯಾವುದಿದೆ? ಆದರೆ ತೀರ್ಮಾನ ಮಾಡುವ ಜಾಗ ಅದಲ್ಲ. ಹೋದ ವರ್ಷ ಗ್ರೂಪಿನಲ್ಲಿ ಒಂದು ಮಾತು ಬಂತು: ಎರಡನೇ ಮೇನ್‌ನಲ್ಲಿ ತರಕಾರಿ ಗಾಡಿಗಳು ನಿಲ್ಲಬಾರದು, ಟ್ರಾಫಿಕ್ ಆಗುತ್ತೆ, ಎಬ್ಬಿಸಿ. ಒಂದು ಗಂಟೆಯಲ್ಲಿ ಹೆಬ್ಬೆರಳಿನ ಸಾಲು. ಯಾರೂ ವಿರೋಧ ಇಲ್ಲ. ಎಲ್ಲರೂ ಒಪ್ಪಿದ್ದಾರೆ ಅಂತಲೇ ಅನ್ನಿಸಿತು.

ಭಾನುವಾರ ಸಭೆಗೆ ಮೂರನೇ ಕ್ರಾಸಿನ ಒಬ್ಬರು ಅಜ್ಜಿ ಬಂದರು. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಗ್ರೂಪಿನಲ್ಲಿ ಅವರಿಲ್ಲ. ಸೊಸೆ ಹೇಳಿ ಗೊತ್ತಾಗಿದೆ. ಕುರ್ಚಿಯ ಹಿಡಿ ಹಿಡಿದು ನಿಧಾನ ಕೂತರು. "ನಂಗೆ ಮಂಡಿ ನೋವಪ್ಪ. ಮಾರ್ಕೆಟ್‌ಗೆ ಹೋಗೋಕಾಗಲ್ಲ. ಆ ಹುಡುಗಿ ಬೆಳಿಗ್ಗೆ ಸೊಪ್ಪು ತಂದು ಗೇಟ್ ಹತ್ರ ಕೂಗ್ತಾಳೆ. ಅವಳನ್ನ ಎಬ್ಬಿಸಿದ್ರೆ ನಾನು ಸೊಪ್ಪು ತಿನ್ನೋದು ಬಿಡಬೇಕು ಅಷ್ಟೆ." ಕೋಣೆ ಸುಮ್ಮನಾಯಿತು. ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರೇ ಅಲ್ಲಿ ಕೂತಿದ್ದರು. ಒಬ್ಬರು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನೆನಪಿಸಿದರು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ ಅನ್ನುತ್ತದೆ ಅದು. ಸಂಘಕ್ಕಂತೂ ಎಬ್ಬಿಸುವ ಅಧಿಕಾರವೇ ಇಲ್ಲ. ಕೊನೆಗೆ ಗಾಡಿಯವರ ಜೊತೆ ಕೂತು ಮಾತಾಡಿ, ತಿರುವು ಬಿಟ್ಟು ಪಾರ್ಕಿನ ಕಾಂಪೌಂಡ್ ಪಕ್ಕ ನಿಲ್ಲೋದು ಅಂತ ಆಯಿತು. ಈಗ ಅಲ್ಲಿ ಹೊಂಗೆ ಮರದ ನೆರಳಿದೆ, ಅವರಿಗೂ ಅನುಕೂಲ.

ನಮ್ಮ ಸಂಘದ ತಪ್ಪುಗಳೂ ಇವೆ. ಅದನ್ನು ಮುಚ್ಚಿಡೋದು ಸರಿಯಲ್ಲ. ಬಹಳ ವರ್ಷ ನಮ್ಮ ಬೈಲಾದಲ್ಲಿ, ಅಂದರೆ ಸಂಘದ ನಿಯಮಗಳಲ್ಲಿ, ಮನೆ ಮಾಲೀಕರಿಗೆ ಮಾತ್ರ ಸದಸ್ಯತ್ವ ಇತ್ತು. ಬಾಡಿಗೆಯವರನ್ನು ಯಾರೂ ಸಭೆಗೆ ಕರೆಯುತ್ತಿರಲಿಲ್ಲ. 2024ರ ಬೇಸಿಗೆ ನಮ್ಮ ಕಣ್ಣು ತೆರೆಸಿತು. ಆ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರ್‌ನವರು ಹೇಳಿದ್ದೇ ರೇಟು. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಅಂತ ದರ ಗೊತ್ತು ಮಾಡಿತು. ಆ ದರಕ್ಕೆ ನಮ್ಮ ಬೀದಿಗೆ ಟ್ಯಾಂಕರ್ ಬರಲೇ ಇಲ್ಲ.

ಆಗ ಸಭೆಗೆ ಮೊದಲ ಸಲ ಬಾಡಿಗೆಯವರು ಬಂದರು, ಕರೆಯದೆಯೇ. ಮೂರನೇ ಮಹಡಿಯಲ್ಲಿರುವ ಒಬ್ಬ ಹೆಣ್ಣುಮಗಳು ಬಾಗಿಲ ಹತ್ತಿರವೇ ನಿಂತಿದ್ದಳು. "ಅಂಕಲ್, ಓನರ್ ದಿನಕ್ಕೆ ಒಂದೇ ಸಲ ಮೋಟಾರ್ ಹಾಕ್ತಾರೆ. ಕೆಳಗಿನವರು ಹಿಡ್ಕೊಂಡ ಮೇಲೆ ನಮಗೆ ನಾಲ್ಕು ಬಕೆಟ್ ಸಿಗಲ್ಲ. ಮಗು ಬಟ್ಟೆ ಒಗೆಯೋಕೆ ಏನ್ ಮಾಡ್ಲಿ?" ಅವಳ ಓನರ್ ಅದೇ ಕೋಣೆಯಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದರು. ಅವರು ಕೆಟ್ಟವರಲ್ಲ. ತಮ್ಮ ಸಂಪಿನ ಲೆಕ್ಕ ಮಾತ್ರ ಅವರಿಗೆ ಗೊತ್ತಿತ್ತು. ಮೇಲಿನ ಬಕೆಟ್ಟಿನ ಲೆಕ್ಕ ಅವತ್ತು ಗೊತ್ತಾಯಿತು. ಆ ಸಂಜೆ ಟ್ಯಾಂಕರ್ ಸರದಿಯ ಪಟ್ಟಿ ಮಾಡಿದೆವು. ಒಂದು ಟ್ಯಾಂಕರ್ ಎರಡು ಸಂಪಿಗೆ ಹಂಚುವುದು, ಮೋಟಾರ್ ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಕುವುದು. ಮಳೆಗಾಲ ಬರುವಷ್ಟರಲ್ಲಿ ಏಳೆಂಟು ಮನೆಯವರು ತಾರಸಿ ನೀರನ್ನು ಸಂಪಿಗೆ, ಇಂಗುಗುಂಡಿಗೆ ಬಿಡುವ ಪೈಪು ಹಾಕಿಸಿದರು. ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರಿಂದಲೇ ಕಡ್ಡಾಯದ ಪಟ್ಟಿಯಲ್ಲಿದೆ. ನಮ್ಮಲ್ಲಿ ಅದು ಮಾತಾಗಿ ಬಂದದ್ದು ಆ ಬೇಸಿಗೆಯ ಸಭೆಯಲ್ಲೇ. ಬೈಲಾ ತಿದ್ದಿ ಬಾಡಿಗೆಯವರನ್ನು ಸದಸ್ಯರಾಗಿ ಮಾಡಿಕೊಂಡಿದ್ದೂ ಆಮೇಲೆಯೇ. ಇದಕ್ಕೆ ಕೆಲವರ ಆಕ್ಷೇಪ ಈಗಲೂ ಇದೆ. "ಇವತ್ತು ಇರ್ತಾರೆ, ನಾಳೆ ಹೋಗ್ತಾರೆ" ಅಂತಾರೆ. ಇರುವಷ್ಟು ದಿನ ಅದೇ ನೀರು ಕುಡಿಯುತ್ತಾರೆ, ಅದೇ ಗಾಡಿಗೆ ಕಸ ಹಾಕುತ್ತಾರೆ. ನನಗೆ ಅಷ್ಟು ಸಾಕು.

ಸಮಯದ್ದೂ ಹಾಗೇ. ಮೊದಲು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸೇರುತ್ತಿದ್ದೆವು. ಹೆಂಗಸರು ಬರುವುದಿಲ್ಲ, ಆಸಕ್ತಿ ಇಲ್ಲ ಅಂತ ನಾವೇ ಮಾತಾಡಿಕೊಳ್ಳುತ್ತಿದ್ದೆವು. ಒಂದು ದಿನ ಖಜಾಂಚಿಯವರ ಮನೆಯವರೇ ಕೇಳಿದರು: "ಆ ಹೊತ್ತಿಗೆ ನಿಮ್ಮೆಲ್ಲರ ಊಟಕ್ಕೆ ಒಲೆ ಮುಂದೆ ನಿಂತಿರ್ತೀವಿ, ಬರೋದು ಹೇಗೆ?" ಸಂಜೆ ನಾಲ್ಕೂವರೆಗೆ ಬದಲಾಯಿಸಿದೆವು. ಈಗ ಅರ್ಧಕ್ಕರ್ಧ ಅವರೇ. ಹಸಿ ಕಸ, ಒಣ ಕಸದ ವಿಷಯ ಸರಿಹೋದದ್ದು ಅವರಿಂದ. ಬೆಂಗಳೂರಿನಲ್ಲಿ ಕಸ ಬೇರೆ ಮಾಡಿ ಕೊಡಬೇಕು ಅಂತ 2012ರಿಂದ ನಿಯಮ ಇದೆ. ನಮ್ಮ ಪಾರ್ಕಿನ ಮೂಲೆಯ ಕಸದ ಗುಡ್ಡೆ ಮಾತ್ರ ಹಾಗೇ ಇತ್ತು. ಟಿಪ್ಪರ್ ಬೆಳಿಗ್ಗೆ ಬೇಗ ಬಂದು ಹೋಗುತ್ತೆ, ಆಮೇಲೆ ಎದ್ದು ಕೆಲಸಕ್ಕೆ ಓಡುವವರು ಕವರ್ ತಂದು ಇಲ್ಲಿ ಎಸೆಯುತ್ತಾರೆ ಅಂತ ಗುರುತಿಸಿದವರು ಹೆಂಗಸರೇ. ಪೌರಕಾರ್ಮಿಕರನ್ನೇ ಸಭೆಗೆ ಕರೆದು, ಟೀ ಕೊಟ್ಟು, ಯಾವ ಹೊತ್ತು ಅನುಕೂಲ ಅಂತ ಕೇಳಿ, ಆ ಕ್ರಾಸಿಗೆ ಗಾಡಿ ಕೊನೆಯಲ್ಲಿ ಬರುವ ಹಾಗೆ ಮಾಡಿಕೊಂಡೆವು. ಗುಡ್ಡೆ ಇದ್ದ ಜಾಗದಲ್ಲಿ ಈಗ ರಂಗೋಲಿ ಹಾಕುತ್ತಾರೆ.

"ವಿಷಯವೇ ಇಲ್ಲದಿದ್ದರೆ ಯಾಕೆ ಸೇರಬೇಕು?" ಅನ್ನುವವರಿಗೆ ಒಂದು ಸಭೆಯ ಕಥೆ ಹೇಳುತ್ತೇನೆ. ಒಂದು ಆಷಾಢದಲ್ಲಿ ಏಳೇ ಜನ ಬಂದಿದ್ದೆವು. ಮಳೆ ಹನಿ ಬೀಳುತ್ತಿತ್ತು. ಅಜೆಂಡಾದಲ್ಲಿ ಲೆಕ್ಕ ಓದುವುದು ಬಿಟ್ಟರೆ ಏನೂ ಇಲ್ಲ. ಮಾತಿಗೆ ಮಾತು ಬಂದು, ಯಾರ ಮಕ್ಕಳು ಎಲ್ಲಿದ್ದಾರೆ ಅನ್ನುವಲ್ಲಿಗೆ ಹೋಯಿತು. ಎಣಿಸಿದರೆ ನಮ್ಮ ಆರು ಕ್ರಾಸಿನಲ್ಲಿ ಒಂಬತ್ತು ಮನೆಗಳಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ. ಅವತ್ತು ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಬರೆದೆವು: ಯಾರ ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರ, ಮಗನ ಅಥವಾ ಮಗಳ ನಂಬರ್, ಯಾವ ಡಾಕ್ಟರು. ಅವರವರನ್ನು ಕೇಳಿ, ಒಪ್ಪಿದವರದ್ದು ಮಾತ್ರ. ನಮ್ಮ ಸಂಘ ಇಷ್ಟು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಇದೇ ದೊಡ್ಡದು. ಇಂಥದ್ದನ್ನು ಯಾವ ಅಜೆಂಡಾದಲ್ಲಿ ಮೊದಲೇ ಬರೆಯೋಕಾಗುತ್ತೆ ಹೇಳಿ?

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ ಗೊತ್ತಿರುವವರು ಇರುತ್ತೀರಿ. ಸಾಯುತ್ತಿದ್ದ ಕೆರೆಯನ್ನು ಉಳಿಸಿಕೊಳ್ಳಲು ಅಕ್ಕಪಕ್ಕದವರೇ ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳುವ ಹೊಣೆ ಹೊತ್ತರು. ಅಲ್ಲಿ ಹೋಗಿ ಹಕ್ಕಿ ನೋಡಿ ಬಂದಾಗಲೆಲ್ಲ ನನಗೆ ಅನ್ನಿಸುವುದು, ಇದರ ಹಿಂದೆ ಅದೆಷ್ಟು ಜನ ಅದೆಷ್ಟು ಸಂಜೆ ಕೂತು ಮಾತಾಡಿರಬೇಕು ಅಂತ.

ನಮ್ಮ ಕೆಲವು ಕಟ್ಟುಪಾಡು ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಸಭೆ ಒಂದೂವರೆ ಗಂಟೆ, ಅದರ ಮೇಲೆ ಇಲ್ಲ. ಆ ತಿಂಗಳ ಜಮಾ ಖರ್ಚು ಮೊದಲು ಗಟ್ಟಿಯಾಗಿ ಓದಬೇಕು, ಎರಡು ರೂಪಾಯಿ ಪೆನ್ನಿನ ಲೆಕ್ಕವೂ ಸೇರಿ. ನಮ್ಮಲ್ಲಿ ಜಗಳ ಕಮ್ಮಿ ಆದದ್ದು ಇದರಿಂದಲೇ. ಪಾರ್ಟಿ ಮಾತು ಬಾಗಿಲ ಹೊರಗೆ. ಒಬ್ಬರೇ ಎರಡು ಅವಧಿಗಿಂತ ಜಾಸ್ತಿ ಒಂದೇ ಹುದ್ದೆಯಲ್ಲಿ ಇರಬಾರದು. ಇದನ್ನು ಮಾತ್ರ ಒಪ್ಪಿಸೋಕೆ ಎರಡು ವರ್ಷ ಬೇಕಾಯಿತು.

ಮುಂದಿನ ಸಭೆ ಎರಡನೇ ಭಾನುವಾರ, ಸಂಜೆ ನಾಲ್ಕೂವರೆ. ವಿಷಯ ಒಂದು, ತಿಂಗಳ ಸಭೆ ಮುಂದುವರಿಸಬೇಕೋ ಬೇಡವೋ. ವಿಷಯ ಎರಡು, ಐದನೇ ಕ್ರಾಸಿನ ಬೀದಿ ದೀಪ. ನಮ್ಮ ಬಡಾವಣೆಯವರೇ, ದಯವಿಟ್ಟು ಬನ್ನಿ. ಬೇಡ ಅನ್ನುವವರು ಖಂಡಿತ ಬನ್ನಿ, ನಿಮ್ಮ ಮಾತನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಐದನೇ ಕ್ರಾಸಿಗೆ ಹೊಸದಾಗಿ ಮೂರು ಸಂಸಾರ ಬಾಡಿಗೆಗೆ ಬಂದಿವೆಯಂತೆ. ಶನಿವಾರ ಸಂಜೆ ಅವರ ಮನೆಗೆ ಹೋಗಿ ಕರೆದು ಬರುತ್ತೇನೆ. ಜೊತೆಗೆ ಯಾರಾದರೂ ಬರುವುದಾದರೆ ಏಳು ಗಂಟೆಗೆ ಪಾರ್ಕಿನ ಗೇಟ್ ಹತ್ತಿರ ಇರುತ್ತೇನೆ.